ಒಂದು ಅಗುಳಿನ ನ್ಯಾಯ

ಉಪಾಧ್ಯಾಯನಾದವನು ಮೂವತ್ತು ಮೂವತ್ತೈದು ವರ್ಷ ಬಾಯಿಬಿಟ್ಟು ಪಾಠ ಹೇಳಿದ ಮೇಲೆ, ಹೇಳಿದ್ದರಲ್ಲಿ ತಪ್ಪಾದುದೆಷ್ಟೆಂದು ಲೆಕ್ಕವಿಟ್ಟವರಾರೂ ಇಲ್ಲವೆಂಬ ಧೈರ್ಯದಿಂದಲೇ ನಿವೃತ್ತನಾಗುತ್ತಾನೆ. ನನಗಿದ್ದ ಧೈರ್ಯವೂ ಅಂಥದೇ. ಆದರೆ ಅಂಥ ಲೆಕ್ಕವೊಂದನ್ನು ಬಹುಕಾಲ ಜೋಪಾನವಾಗಿ ಇಟ್ಟುಕೊಂಡಿದ್ದವನೊಬ್ಬನು ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಜಗಲಿಗೆ ಬಂದು ಕುಳಿತನು. ಆ ಸಂಗತಿಯನ್ನು ಓದುಗರ ಮುಂದೆ ನಿವೇದಿಸಿಕೊಳ್ಳುವುದೇ ಈ ಬರಹದ ಉದ್ದೇಶ.

ನಮ್ಮ ಊರು ಉತ್ತರ ಕನ್ನಡ ಜಿಲ್ಲೆಯಲ್ಲಿ, ಅಘನಾಶಿನೀ ನದಿಯು ಸಮುದ್ರವನ್ನು ಕೂಡುವ ಅಳಿವೆಯ ಸಮೀಪದಲ್ಲಿದೆ. ಅಲ್ಲಿಯ ಪ್ರೌಢಶಾಲೆಯಲ್ಲಿ ನಾನು ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸುತ್ತಿದ್ದೆನು. ಸೇವೆಗೆ ಸೇರಿದ ಹೊಸತರಲ್ಲಿ ಒಂದು ದಿನ, ಎಂಟನೆಯ ತರಗತಿಯಲ್ಲಿ, ಸ್ಥಿರಬುದ್ಧಿಯುಳ್ಳವನನ್ನು ನಮ್ಮ ಹಿರಿಯರು ಸಮುದ್ರಕ್ಕೆ ಹೋಲಿಸಿದುದೇಕೆಂಬುದನ್ನು ವಿವರಿಸುತ್ತಿದ್ದೆ. ಎಷ್ಟು ನದಿಗಳು ಬಂದು ಬಿದ್ದರೂ ಸಮುದ್ರವು ಹಿಗ್ಗುವುದಿಲ್ಲ, ಎಷ್ಟು ಬಿಸಿಲು ಕಾಸಿದರೂ ಕುಗ್ಗುವುದಿಲ್ಲ, ಅದರ ಗುಣವು ಎಲ್ಲ ಕಡೆಯಲ್ಲಿಯೂ ಎಲ್ಲ ಕಾಲದಲ್ಲಿಯೂ ಒಂದೇ ಎಂದು ಹೇಳಿದೆನು. ಆಗ ಹಿಂದಿನ ಬೆಂಚಿನಿಂದ ಮೀನುಗಾರರ ಮನೆಯ ಹುಡುಗನೊಬ್ಬನು ಎದ್ದು ನಿಂತು, “ಮಾಸ್ತರೇ, ಅದು ಹಾಗಲ್ಲ. ಮಳೆಗಾಲದಲ್ಲಿ ಅಳಿವೆಯ ಬಾಯಿಯಲ್ಲಿ ನೀರು ಸಪ್ಪೆಯಾಗುತ್ತದೆ. ದೀಪಾವಳಿ ಕಳೆದ ಮೇಲೆ ಕಡಲಿನ ಸೆಳೆತವೇ ತಿರುಗಿ, ತೆಂಕಣ ನೀರು ಬಡಗಣಕ್ಕೆ ಬರುತ್ತದೆಂದು ಅಪ್ಪ ಹೇಳುತ್ತಾನೆ” ಎಂದನು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನನಗೆ ಸಿಟ್ಟು ಬಂದಿತು. ಪಾಠದ ನಡುವೆ ಅಧಿಕಪ್ರಸಂಗ ಮಾಡಿದನೆಂದು, “ಸಮುದ್ರವು ಕದಲುವುದಿಲ್ಲ” ಎಂಬ ವಾಕ್ಯವನ್ನು ಹತ್ತು ಸಲ ಬರೆದು ತರುವಂತೆ ಆಜ್ಞಾಪಿಸಿದೆನು. ಮರುದಿನ ಬರೆದು ತಂದನು. ಅಕ್ಷರಗಳು ದುಂಡಗಿವೆಯೆಂದು ನಾನು ಬೆನ್ನು ತಟ್ಟಿದುದೂ ನೆನಪಿನಲ್ಲಿದೆ.

ಆ ಹುಡುಗನೇ ಈಗ ನಾಲ್ವತ್ತು ದಾಟಿದ ಗೃಹಸ್ಥ, ಇಬ್ಬರು ಮಕ್ಕಳ ತಂದೆ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದು ಓದುಗರಿಗೆ ತಿಳಿದಿರಬಹುದು. ದೋಣಿಗಳನ್ನು ದಡಕ್ಕೇರಿಸಿ, ಬಲೆಗಳನ್ನು ನೇಯುತ್ತ, ಮುಂದಿನ ವರ್ಷದ ಲೆಕ್ಕವನ್ನು ಮನಸ್ಸಿನಲ್ಲಿ ಹಾಕುವ ಕಾಲವದು. ಅವನು ಬಂದು ಕುಳಿತು, ಎಲೆಯಡಿಕೆಯ ತಟ್ಟೆಯನ್ನು ಮುಟ್ಟದೆಯೆ ಮಾತು ತೆಗೆದನು.

“ಮಾಸ್ತರೇ, ನಾಡದೋಣಿಯಲ್ಲಿ ಇನ್ನು ಹೊಟ್ಟೆ ತುಂಬುವಂತಿಲ್ಲ. ಮನೆಯನ್ನು ಅಡವಿಟ್ಟು ದೊಡ್ಡ ಬೋಟು ಮಾಡಿಸಬೇಕೆಂದಿದ್ದೇನೆ. ಹತ್ತು ವರ್ಷದ ಸಾಲ. ನನ್ನ ಕೈಯಲ್ಲಿ ತೀರದಿದ್ದರೆ ಮಗ ತೀರಿಸಬೇಕು. ಆದರೆ ಕಡಲು ಕಾಯುತ್ತಿದೆ, ಮೀನು ದೂರ ಹೋಗುತ್ತದೆ ಎಂದು ಪೇಪರಿನಲ್ಲಿ ಬರುತ್ತದೆ. ಇದನ್ನೆಲ್ಲ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುತ್ತಾರಂತೆ. ಆ ಲೆಕ್ಕವನ್ನು ನಂಬಬಹುದೇ? ನೀವು ಓದಿದವರು, ಅದಕ್ಕೆ ಕೇಳುತ್ತೇನೆ. ಸಮುದ್ರ ಕದಲುವುದಿಲ್ಲವೆಂದು ನನ್ನ ಕೈಯಲ್ಲಿ ಬರೆಸಿದವರೂ ನೀವೇ.”

ಕೊನೆಯ ಮಾತನ್ನು ಅವನು ವ್ಯಂಗ್ಯವಾಗಿ ಆಡಲಿಲ್ಲ, ನೆನಪಾಯಿತೆಂದು ಆಡಿದನು. ಆದುದರಿಂದಲೇ ಅದು ನನಗೆ ಹೆಚ್ಚಾಗಿ ತಾಗಿತು. ಒಂದು ತಿಂಗಳ ಅವಕಾಶ ಕೇಳಿದೆನು. ಶಿಷ್ಯನಿಂದ ಗುರುವು ವಾಯಿದೆ ಪಡೆದ ಮೊದಲನೆಯ ಸಂದರ್ಭ ಅದೇ ಇರಬೇಕು.

ಮನೆಗೆ ಬರುವ ಪತ್ರಿಕೆಗಳನ್ನೂ ವಾಚನಾಲಯದ ಪುಸ್ತಕಗಳನ್ನೂ ತಿರುವಿದೆನು. ಭೂಮಂಡಲದ ಸಮುದ್ರಗಳ ಮೇಲ್ಮೈ ಕಳೆದ ನೂರೈವತ್ತು ವರ್ಷಗಳಲ್ಲಿ ಸರಾಸರಿ ಒಂದು ಡಿಗ್ರಿಯ ಸಮೀಪಕ್ಕೆ ಕಾದಿದೆಯೆಂದು ತಿಳಿಯಿತು. ಒಂದು ಡಿಗ್ರಿ ತಾನೆ! ಕಾಫಿಯ ಬಿಸಿಯಲ್ಲಿ ಒಂದು ಡಿಗ್ರಿ ಹೆಚ್ಚಾದುದನ್ನು ನಾಲಗೆಯೂ ಅರಿಯದು. ಜಗತ್ತಿನ ಸಮುದ್ರ ಇಷ್ಟು ಕಾದಿದ್ದರೆ ನಮ್ಮ ಸಮುದ್ರವೂ ಇಷ್ಟೇ ಕಾದಿರಬೇಕೆಂದು ನಿರ್ಣಯಿಸಿದೆನು. ನಮ್ಮ ಶಾಸ್ತ್ರಕಾರರು ಇದಕ್ಕೆ ಸ್ಥಾಲೀಪುಲಾಕ ನ್ಯಾಯವೆನ್ನುತ್ತಾರೆ. ಅನ್ನ ಬೆಂದಿತೇ ಎಂದು ತಿಳಿಯಲು ಪಾತ್ರೆಯನ್ನೆಲ್ಲ ಬರಿದು ಮಾಡಬೇಕಾಗಿಲ್ಲ. ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು, ಉಳಿದ ಅಗುಳುಗಳ ಅವಸ್ಥೆಯೂ ಅದೇ.

ರಾತ್ರಿ ಊಟದ ವೇಳೆ ಈ ನ್ಯಾಯವನ್ನು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದೆನು. ಬಡಿಸುತ್ತಿದ್ದ ನನ್ನ ಮನೆಯಾಕೆ, “ಅನ್ನಕ್ಕೆ ಒಂದು ಅಗುಳು ಸಾಕು, ಒಪ್ಪಿದೆ. ಕಲಕದ ಸಾರಿಗೆ ಒಂದು ಸೌಟು ಸಾಕೇ? ಮೇಲಿನದು ತಿಳಿ, ಅಡಿಯದು ಉಪ್ಪು. ನಿಮ್ಮ ಸಮುದ್ರವನ್ನು ಯಾರು ಕಲಕಿದ್ದಾರೆ?” ಎಂದಳು. ನಲವತ್ತು ವರ್ಷದಿಂದ ನ್ಯಾಯಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವನಿಗೆ ಹೊಳೆಯದ ಆಕ್ಷೇಪಣೆ ಒಲೆಯ ಮುಂದಿನವಳಿಗೆ ಹೊಳೆಯಿತು. ಮುಂದೆ ನಾನು ಕಲಿತುದೆಲ್ಲವೂ ಈ ಒಂದು ಮಾತಿನ ವಿಸ್ತಾರವೆಂದು ಹೇಳಿದರೆ ತಪ್ಪಾಗದು.

ನನ್ನ ತಂಗಿಯ ಮಗಳು ಸಮುದ್ರದ ಗಣಿತವನ್ನೇ ಉದ್ಯೋಗ ಮಾಡಿಕೊಂಡವಳು. ಆ ದಿನಗಳಲ್ಲಿ ಅವಳು ರಜೆಯ ಮೇಲೆ ಊರಿಗೆ ಬಂದಳು. ನನ್ನ ಕಷ್ಟವನ್ನು ಕೇಳಿ ನಕ್ಕು, “ಮಾವ, ಅತ್ತೆ ಹೇಳಿದ್ದೇ ಸರಿ. ಭಾರತಕ್ಕೆ ಎರಡು ಮಗ್ಗುಲಲ್ಲಿ ಎರಡು ಸಮುದ್ರಗಳಿವೆ. ಅವೆರಡರ ಉಪ್ಪೇ ಬೇರೆ” ಎಂದು ಆರಂಭಿಸಿದಳು.

ಸಾಮಾನ್ಯವಾಗಿ ಒಂದು ಕಿಲೋಗ್ರಾಮು ಸಮುದ್ರದ ನೀರಿನಲ್ಲಿ ಸುಮಾರು ೩೫ ಗ್ರಾಮು ಉಪ್ಪುಗಳಿರುತ್ತವೆ. ಅರಬ್ಬೀ ಸಮುದ್ರದ ಬಹುಭಾಗದಲ್ಲಿ ಇದು ೩೬ಕ್ಕೂ ಮೇಲೇರುತ್ತದೆ. ಬಂಗಾಳ ಉಪಸಾಗರದ ಉತ್ತರಭಾಗದ ಮೇಲ್ಮೈಯಲ್ಲಿ ೩೩ಕ್ಕಿಂತ ಕಡಮೆ. ನದೀಮುಖಗಳ ಬಳಿಯಲ್ಲಿ ಇನ್ನೂ ಕಡಮೆ. ಎರಡೂ ಹೆಚ್ಚುಕಡಮೆ ಒಂದೇ ಅಕ್ಷಾಂಶದಲ್ಲಿದ್ದು ಒಂದೇ ಸೂರ್ಯನ ಕೆಳಗೆ ಕಾಯುವಂಥವು. ಆದರೂ ಪಶ್ಚಿಮದಲ್ಲಿ ಮಳೆಗಿಂತ ಆವಿಯಾಗಿ ಹೋಗುವುದೇ ಹೆಚ್ಚು. ಪೂರ್ವದಲ್ಲಿಯಾದರೋ ಗಂಗೆ, ಬ್ರಹ್ಮಪುತ್ರೆ, ಐರಾವತಿ ಮೊದಲಾದ ಮಹಾನದಿಗಳು ಬಂದು ಬೀಳುತ್ತವೆ. ಮೇಲೆ ಮಳೆಯೂ ವಿಪುಲ.

ಒಂದು ಅಂಶದಲ್ಲಿ ಮಾತ್ರ ಸಮುದ್ರಕ್ಕೂ ಒಂದು ಅಗುಳಿನ ನ್ಯಾಯವು ಸಲ್ಲುತ್ತದೆ. ಬ್ರಿಟನ್ನಿನ ಚಾಲೆಂಜರ್ ಎಂಬ ಹಡಗು ೧೮೭೨ ರಿಂದ ೧೮೭೬ರವರೆಗೆ ಭೂಮಂಡಲವನ್ನು ಸುತ್ತಿ ನೀರನ್ನು ಸಂಗ್ರಹಿಸಿತು. ಅದರಲ್ಲಿ ೭೭ ಮಾದರಿಗಳನ್ನು ಡಿಟ್ಮಾರ್ ಎಂಬ ರಸಾಯನಜ್ಞನು ಪರೀಕ್ಷಿಸಿ, ೧೮೮೪ರಲ್ಲಿ ಫಲವನ್ನು ಪ್ರಕಟಿಸಿದನು. ಉಪ್ಪಿನ ಪ್ರಮಾಣವು ಸ್ಥಳದಿಂದ ಸ್ಥಳಕ್ಕೆ ಬದಲಾದರೂ, ಆ ಉಪ್ಪಿನೊಳಗಿನ ವಿವಿಧ ಲವಣಗಳ ಪರಸ್ಪರ ಅನುಪಾತವು ಎಲ್ಲೆಡೆಯಲ್ಲಿಯೂ ಬಹುಮಟ್ಟಿಗೆ ಒಂದೇ ಎಂಬುದು ಅವನು ದೃಢಪಡಿಸಿದ ತತ್ತ್ವ. ಎಂದರೆ ಉಪ್ಪು ಒಂದೇ, ಅದಕ್ಕೆ ಬೆರೆತ ಸಿಹಿನೀರಿನ ಅಳತೆ ಬೇರೆ. ಸಮುದ್ರದ ಲವಣಾಂಶ ಬದಲಾಗುತ್ತಿದೆ ಎಂದಾಗ, ಎಲ್ಲಿಂದಲೋ ಹೊಸ ಉಪ್ಪು ಬಂದು ಬೀಳುತ್ತಿದೆಯೆಂದು ತಿಳಿಯಬಾರದು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ನಮ್ಮ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ಬೇಸಗೆಯಲ್ಲಿ ನಡೆಯುವ ಕ್ರಿಯೆಯೇ ಅದು. ಬಿಸಿಲು ನೀರನ್ನು ಕುಡಿಯುತ್ತದೆ, ಉಪ್ಪು ನೆಲದಲ್ಲಿ ನಿಲ್ಲುತ್ತದೆ. ಅಕಾಲದ ಒಂದು ಮಳೆ ಬಿದ್ದರೆ ತಿಂಗಳ ದುಡಿಮೆ ಕರಗಿ ಹೋಗುತ್ತದೆ. ಅರಬ್ಬೀ ಸಮುದ್ರವೇ ಒಂದು ಮಹಾ ಆಗರವೆಂದು ಭಾವಿಸಿದರೆ ಅದರ ಉಪ್ಪಿನ ರಹಸ್ಯ ಅರ್ಥವಾಗುತ್ತದೆ.

ಇನ್ನು ಆ ಹುಡುಗನ ಅಪ್ಪನ ಮಾತು. ಈ ಎರಡು ಸಮುದ್ರಗಳು ನೆರೆಮನೆಯವರಂತೆ ಕೊಡುಕೊಳ್ಳುವ ವ್ಯವಹಾರವನ್ನೂ ಇಟ್ಟುಕೊಂಡಿವೆ. ಮುಂಗಾರಿನ ಕಾಲದಲ್ಲಿ ಅರಬ್ಬೀ ಸಮುದ್ರದ ಉಪ್ಪುನೀರು ಲಂಕೆಯ ತೆಂಕಣಿಂದ ಪೂರ್ವಕ್ಕೆ ಹರಿದು ಬಂಗಾಳ ಉಪಸಾಗರವನ್ನು ಪ್ರವೇಶಿಸುತ್ತದೆ. ೨೦೧೬ರ ಮಳೆಗಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಬ್ರಿಟನ್ನಿನವರೊಡನೆ ಕೂಡಿ ಹಡಗಿನಲ್ಲಿ ಹೋಗಿ ಆ ಪ್ರವಾಹವನ್ನು ಅಳೆದು ಬಂದರು. ಮಳೆಗಾಲ ಮುಗಿದು ಗಾಳಿ ತಿರುಗಿದ ಮೇಲೆ, ನವೆಂಬರ್ ತಿಂಗಳ ಸುಮಾರಿಗೆ, ಬಂಗಾಳ ಉಪಸಾಗರದ ಸಪ್ಪೆ ನೀರು ಪೂರ್ವತೀರವನ್ನು ಹಿಡಿದು ಇಳಿದು, ಲಂಕೆಯನ್ನು ಬಳಸಿ, ಅರಬ್ಬೀ ಸಮುದ್ರದ ಆಗ್ನೇಯ ಭಾಗಕ್ಕೆ ಬರುತ್ತದೆ. ಪಶ್ಚಿಮತೀರದ ಪ್ರವಾಹವೂ ಆಗ ತೆಂಕಣಿಂದ ಬಡಗಕ್ಕೆ ತಿರುಗುತ್ತದೆ. ದೀಪಾವಳಿ ಕಳೆದ ಮೇಲೆ ಕಡಲಿನ ಸೆಳೆತ ತಿರುಗುತ್ತದೆಂದು ಆ ಮುದುಕನು ಬಲೆಯ ಎಳೆತದಿಂದಲೇ ಅರಿತಿದ್ದನು. ನಾನು ಅದನ್ನು ಹತ್ತು ಸಲ ಅಳಿಸಿಹಾಕಿಸಿದೆನು.

“ಸರಿ, ಈ ಸಮುದ್ರಕ್ಕೆ ಕಾವು ಹೇಗೆ ಬಂದಿತು? ಅದನ್ನು ಯಂತ್ರದೊಳಗೆ ಹೇಗೆ ಲೆಕ್ಕ ಹಾಕುತ್ತೀರಿ?” ಎಂದು ಕೇಳಿದೆನು.

ಹಳೆಯ ಪುಸ್ತಕಗಳು ಅಂಗಾರಾಮ್ಲವಾಯುವೆಂದು ಕರೆದ ಕಾರ್ಬನ್ ಡೈ ಆಕ್ಸೈಡು, ಯಂತ್ರಯುಗಕ್ಕೆ ಮುಂಚೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು ೨೮೦ ಪಾಲು ಇತ್ತು. ೧೯೫೮ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿಯು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅದನ್ನು ಎಡೆಬಿಡದೆ ಅಳೆಯಲಾರಂಭಿಸಿದಾಗ ಸುಮಾರು ೩೧೫ ಇತ್ತು. ಈಗ ೪೨೦ನ್ನು ದಾಟಿದೆ. ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟುದೇ ಇದಕ್ಕೆ ಮುಖ್ಯ ಕಾರಣ. ಈ ಅನಿಲವು ಸೂರ್ಯನ ಬೆಳಕನ್ನು ಒಳಕ್ಕೆ ಬಿಡುತ್ತದೆ. ಭೂಮಿಯು ಹಿಂದಕ್ಕೆ ಕಳುಹಿಸುವ ಶಾಖವನ್ನು ಮಾತ್ರ ಕಂಬಳಿಯಂತೆ ತಡೆಯುತ್ತದೆ. ಹೀಗೆ ಹೆಚ್ಚಾಗಿ ಉಳಿದ ಶಾಖದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಸಮುದ್ರವೇ ನುಂಗಿಕೊಂಡಿದೆ. ಮೇಲಿನ ಸುಮಾರು ಮೂರು ಮೀಟರು ದಪ್ಪದ ಸಮುದ್ರದ ನೀರು ಹಿಡಿಯಬಲ್ಲಷ್ಟು ಶಾಖವನ್ನು ಮಾತ್ರವೇ ಇಡೀ ವಾಯುಮಂಡಲವು ಹಿಡಿಯಬಲ್ಲುದು ಎಂದರೆ ಸಮುದ್ರದ ಹೊಟ್ಟೆ ಎಷ್ಟು ದೊಡ್ಡದೆಂಬುದು ತಿಳಿಯುವುದು. ಒಂದು ಡಿಗ್ರಿಯೆಂದು ನಾನು ಕಾಫಿಯ ಲೋಟಕ್ಕೆ ಹೋಲಿಸಿದುದು ಎಂಥ ಅವಿವೇಕ!

ಈ ಲೆಕ್ಕ ಇಂದಿನದೂ ಅಲ್ಲ. ಸ್ವೀಡನ್ ದೇಶದ ಸ್ವಾಂಟೆ ಆರೇನಿಯಸ್ ಎಂಬ ಪಂಡಿತನು ೧೮೯೬ರಲ್ಲಿ, ಯಾವ ಯಂತ್ರದ ಸಹಾಯವೂ ಇಲ್ಲದೆ ಕೈಯಿಂದಲೇ ಗುಣಿಸಿ ಭಾಗಿಸಿ, ಈ ಅನಿಲವು ಇಮ್ಮಡಿಯಾದರೆ ಭೂಮಿಯು ಐದಾರು ಡಿಗ್ರಿ ಕಾಯುವುದೆಂದು ಬರೆದನು. ಇಂದಿನ ಅಂದಾಜು ಅದಕ್ಕಿಂತ ಕಡಮೆ, ಸುಮಾರು ಮೂರು ಡಿಗ್ರಿ. ಆದರೂ ದಿಕ್ಕನ್ನು ಅವನು ಸರಿಯಾಗಿ ಹಿಡಿದನು. ಅವನ ಲೆಕ್ಕದಲ್ಲಿ ಹರಿಯುವ ಸಮುದ್ರವಿರಲಿಲ್ಲ. ಗಾಳಿಯನ್ನೂ ಸಮುದ್ರವನ್ನೂ ಒಂದೇ ಗಣಿತದಲ್ಲಿ ಜೋಡಿಸಿದ ಮೊದಲಿಗರು ಅಮೆರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಸ್ಯುಕುರೋ ಮನಾಬೆ ಮತ್ತು ಕರ್ಕ್ ಬ್ರಯಾನ್. ಅದು ೧೯೬೯ರ ಮಾತು. ಮನಾಬೆಯವರಿಗೆ ೨೦೨೧ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ನನ್ನ ಸೊಸೆ ಕಾಗದದ ಮೇಲೆ ಚೌಕದ ಮನೆಗಳನ್ನು ಗೀಚಿದಳು. ಸಮುದ್ರವನ್ನು ಹೀಗೆ ಮನೆಮನೆಗಳಾಗಿ, ಆಳದಲ್ಲಿಯೂ ಅಂತಸ್ತು ಅಂತಸ್ತುಗಳಾಗಿ ವಿಂಗಡಿಸುತ್ತಾರೆ. ಪ್ರತಿಯೊಂದು ಮನೆಗೂ ಇಷ್ಟು ಉಷ್ಣ, ಇಷ್ಟು ಉಪ್ಪು, ಇಷ್ಟು ವೇಗ ಎಂದು ಅಂಕಿ ಕೊಡುತ್ತಾರೆ. ಬಳಿಕ ಚಲನೆಯ ನಿಯಮಗಳು, ಶಾಖದ ನಿಯಮಗಳು, ಉಪ್ಪೂ ನೀರೂ ಸೃಷ್ಟಿಯಾಗುವುದಿಲ್ಲ, ನಾಶವಾಗುವುದಿಲ್ಲವೆಂಬ ನಿಯಮ, ಇವುಗಳ ಪ್ರಕಾರ ಒಂದು ಮನೆಯಿಂದ ಪಕ್ಕದ ಮನೆಗೆ ಹೋದುದೆಷ್ಟು, ಬಂದುದೆಷ್ಟು ಎಂದು ಗಣಿಸುತ್ತ ಸ್ವಲ್ಪ ಸ್ವಲ್ಪವೇ ಕಾಲವನ್ನು ಮುಂದೂಡುತ್ತಾರೆ. ಮನೆಯ ಜಮಾಖರ್ಚಿನ ಪುಸ್ತಕವೇ ಇದು. ಇಲ್ಲಿ ಮನೆಗಳು ಲಕ್ಷಗಟ್ಟಲೆ, ದಿನಕ್ಕೆ ಅನೇಕ ಸಲ ಲೆಕ್ಕ ಮುಗಿಸಬೇಕು, ನೂರು ವರ್ಷದ ಲೆಕ್ಕ ಬರೆಯಬೇಕು. ಇಷ್ಟೇ ಭೇದ.

“ಒಂದೊಂದು ಚೌಕ ಎಷ್ಟು ದೊಡ್ಡದು?” ಎಂದೆನು.

“ಜಗತ್ತಿನ ಪ್ರತಿರೂಪಗಳಲ್ಲಿ ಅನೇಕವಕ್ಕೆ ಮಗ್ಗುಲಿಗೆ ಸುಮಾರು ನೂರು ಕಿಲೋಮೀಟರು, ಮಾವ.”

ನಮ್ಮ ರಾಜ್ಯದ ಕರಾವಳಿ ಸುಮಾರು ಮುನ್ನೂರು ಕಿಲೋಮೀಟರು. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಪ್ರಪಂಚವೆಲ್ಲ ಮೂರು ಚೌಕಗಳಲ್ಲಿ ಮುಗಿಯಿತು! ಲಂಕಾದ್ವೀಪವು ಆರೇಳು ಚೌಕವಾಯಿತು. ತೀರವನ್ನು ಹಿಡಿದು ಹರಿಯುವ ಪ್ರವಾಹವು ಒಂದು ಚೌಕಕ್ಕಿಂತಲೂ ಕಿರಿದಾಗಿರಬಹುದು. ಹೀಗಿರುವಲ್ಲಿ ಅದು ಲಂಕೆಯನ್ನು ಬಳಸಿ ಬರುವ ಚಮತ್ಕಾರವನ್ನು ಆ ಪ್ರತಿರೂಪವು ಹೇಗೆ ತೋರಿಸೀತು? ಆದುದರಿಂದಲೇ ಪ್ರಾದೇಶಿಕ ಪ್ರತಿರೂಪಗಳೆಂಬುವನ್ನು ರಚಿಸುತ್ತಾರೆ. ಒಂದು ಪ್ರದೇಶವನ್ನು ಮಾತ್ರ ಆರಿಸಿ, ಅದನ್ನು ಹತ್ತು ಕಿಲೋಮೀಟರೋ ಇನ್ನೂ ಕಡಮೆಯೋ ಇರುವ ಸಣ್ಣ ಚೌಕಗಳಾಗಿ ಕತ್ತರಿಸುತ್ತಾರೆ. ಅದರ ಎಲ್ಲೆಗಳಲ್ಲಿ ಒಳಬರುವ ಕಾವು, ಉಪ್ಪು, ಪ್ರವಾಹಗಳನ್ನು ಜಗತ್ತಿನ ದೊಡ್ಡ ಪ್ರತಿರೂಪದಿಂದ ಕಡ ತರುತ್ತಾರೆ. ದೊಡ್ಡದು ಎಲ್ಲೆಯಲ್ಲಿ ತಪ್ಪಿದರೆ ಚಿಕ್ಕದು ಎಷ್ಟು ಸೂಕ್ಷ್ಮವಾಗಿದ್ದರೂ ಆ ತಪ್ಪನ್ನು ಒಳಗೆ ಹೊತ್ತುಕೊಂಡು ಬರುತ್ತದೆ.

ತಪ್ಪುಗಳನ್ನು ಅವಳು ಮುಚ್ಚಿಡಲಿಲ್ಲ. ಅನೇಕ ಪ್ರತಿರೂಪಗಳು ಅರಬ್ಬೀ ಸಮುದ್ರದ ಉತ್ತರಭಾಗವನ್ನು ಚಳಿಗಾಲದಲ್ಲಿಯೂ ಮುಂಗಾರಿನ ಮುಂಚೆಯೂ ನಿಜಕ್ಕಿಂತ ತಣ್ಣಗೆ ತೋರಿಸುತ್ತವೆ. ಅದರಿಂದ ನಮ್ಮ ಮಳೆಯನ್ನೂ ಕಡಮೆ ತೋರಿಸುತ್ತವೆ. ಬಂಗಾಳ ಉಪಸಾಗರದಲ್ಲಿ ಬೇರೊಂದು ತೊಡಕು. ಅಲ್ಲಿ ಹಗುರವಾದ ಸಪ್ಪೆ ನೀರು ಭಾರವಾದ ಉಪ್ಪುನೀರಿನ ಮೇಲೆ ಮುಚ್ಚಳದಂತೆ ಕುಳಿತಿರುತ್ತದೆ. ಬಿಸಿಲಿನ ಕಾವು ಆಳಕ್ಕೆ ಇಳಿಯದೆ ಆ ತೆಳುವಾದ ಮುಚ್ಚಳದಲ್ಲಿಯೇ ನಿಲ್ಲುತ್ತದೆ. ಕಾದ ನೀರಿನಿಂದ ಮೋಡ, ಮೋಡದಿಂದ ಮಳೆ, ಮಳೆಯಿಂದ ನದಿ, ನದಿಯಿಂದ ಮತ್ತೆ ಮುಚ್ಚಳ. ಬೀಜ ಮೊದಲೋ ಅಂಕುರ ಮೊದಲೋ ಎಂಬ ನಮ್ಮ ಬೀಜಾಂಕುರ ನ್ಯಾಯದ ಸಾಕ್ಷಾತ್ ಉದಾಹರಣೆಯಿದು. ಮಳೆಯಲ್ಲಿ ತಪ್ಪಿದ ಲೆಕ್ಕ ಉಪ್ಪಿನಲ್ಲಿ ತಪ್ಪುತ್ತದೆ, ಉಪ್ಪಿನಲ್ಲಿ ತಪ್ಪಿದುದು ಕಾವಿನಲ್ಲಿ ತಪ್ಪುತ್ತದೆ, ಕಾವಿನಲ್ಲಿ ತಪ್ಪಿದುದು ತಿರುಗಿ ಮಳೆಗೆ ಬಂದು ಸೇರುತ್ತದೆ.

“ಹಾಗಾದರೆ ಇದು ನಂಬತಕ್ಕದ್ದಲ್ಲವೆಂದಾಯಿತು” ಎಂದೆನು. ಒಳಗೊಳಗೆ ನನಗೆ ಸ್ವಲ್ಪ ಸಂತೋಷವೇ ಆಗಿತ್ತು. ಅವರು ತಪ್ಪಿದರೆ ನನ್ನ ತಪ್ಪಿನ ಭಾರವೂ ಇಳಿದಂತೆ.

ಅವಳು ಒಪ್ಪಲಿಲ್ಲ. “ಮಾವ, ಅನುಮಾನವು ಪ್ರಮಾಣವಲ್ಲವೇ? ನೀವೇ ಕಲಿಸಿದವರು” ಎಂದಳು. ಹೌದು, ಬೆಟ್ಟದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕದ ಮೊದಲ ಪಾಠ. ಇಲ್ಲಿಯಾದರೋ ಹೊಗೆಯನ್ನು ಅಳೆದು ಸಮುದ್ರದ ಕಾವನ್ನು ಊಹಿಸಬೇಕು. ಆದರೆ ಅನುಮಾನಕ್ಕೆ ಪ್ರತ್ಯಕ್ಷದ ಆಧಾರವಿರಬೇಕು. ಆ ಆಧಾರವನ್ನು ಒದಗಿಸುವವು ಆರ್ಗೋ ಎಂಬ ತೇಲುಯಂತ್ರಗಳು. ಈ ಶತಮಾನದ ಆರಂಭದಿಂದ ಜಗತ್ತಿನ ಸಮುದ್ರಗಳಲ್ಲಿ ಬಿಡುತ್ತ ಬಂದ ಇವು ಈಗ ಸುಮಾರು ನಾಲ್ಕು ಸಾವಿರ ಇವೆ. ಸಾವಿರ ಮೀಟರು ಆಳದಲ್ಲಿ ತೇಲುತ್ತಿದ್ದು, ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರಿನವರೆಗೆ ಮುಳುಗಿ, ಅಲ್ಲಿಂದ ಮೇಲೇರುವಾಗ ದಾರಿಯುದ್ದಕ್ಕೂ ಕಾವನ್ನೂ ಉಪ್ಪನ್ನೂ ಅಳೆದು ಉಪಗ್ರಹಕ್ಕೆ ಸುದ್ದಿ ಕಳುಹಿಸುತ್ತವೆ. ನಮ್ಮ ದೇಶದಲ್ಲಿ ಈ ಕಾರ್ಯವನ್ನು ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರವು ನೋಡಿಕೊಳ್ಳುತ್ತದೆ. ಪ್ರತಿರೂಪವನ್ನು ಮೊದಲು ಕಳೆದುಹೋದ ವರ್ಷಗಳ ಮೇಲೆ ನಡೆಸಿ, ನಿಜವಾಗಿ ಅಳೆದ ಅಂಕಿಗಳೊಡನೆ ಹೋಲಿಸುತ್ತಾರೆ. ಬೇರೆ ಬೇರೆ ದೇಶಗಳವರು ಬೇರೆ ಬೇರೆಯಾಗಿ ರಚಿಸಿದ ಅನೇಕ ಪ್ರತಿರೂಪಗಳನ್ನು ಊರ ಹತ್ತು ಸಮಸ್ತರನ್ನು ಕೂಡಿಸಿ ಕೇಳುವಂತೆ ಕೇಳುತ್ತಾರೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ರಚಿಸಿದುದೂ ಈ ಸಭೆಯಲ್ಲಿದೆ. ಎಲ್ಲರೂ ಒಂದೇ ಮಾತು ಹೇಳಿದರೆ ಅದಕ್ಕೆ ತೂಕ ಹೆಚ್ಚು. ಭಿನ್ನಾಭಿಪ್ರಾಯ ಬಂದರೆ ಅಲ್ಲಿ ಸಂಶಯಕ್ಕೆ ಎಡೆಯುಂಟು.

ಇಂಥ ಲೆಕ್ಕವು ಪಂಚಾಂಗದ ಗ್ರಹಣದ ಹಾಗಲ್ಲ. ಗ್ರಹಣವು ಯಾರು ಏನು ಮಾಡಿದರೂ ಹೇಳಿದ ಘಳಿಗೆಗೆ ಹಿಡಿಯುತ್ತದೆ. ಇಲ್ಲಿಯ ಫಲವು ನಾವು ಬಿಡುವ ಹೊಗೆಯನ್ನು ಅವಲಂಬಿಸಿದೆ. ಇಷ್ಟು ಬಿಟ್ಟರೆ ಇಷ್ಟು, ಅಷ್ಟು ಬಿಟ್ಟರೆ ಅಷ್ಟು ಎಂದು ಮಾತ್ರ ಹೇಳಬಹುದು.

ಈಗ ನಮ್ಮ ಸಮುದ್ರದ ಸಂಗತಿ. ೧೯೫೧ ರಿಂದ ೨೦೧೫ರವರೆಗೆ ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ ಸುಮಾರು ಒಂದು ಡಿಗ್ರಿ ಕಾಯಿತೆಂದೂ, ಅದೇ ಅವಧಿಯಲ್ಲಿ ಜಗತ್ತಿನ ಸಮುದ್ರಗಳ ಸರಾಸರಿ ಸುಮಾರು ೦.೭ ಡಿಗ್ರಿ ಎಂದೂ ಭಾರತ ಸರಕಾರದ ಭೂವಿಜ್ಞಾನ ಇಲಾಖೆಯ ೨೦೨೦ರ ವರದಿ ಹೇಳುತ್ತದೆ. ಅದಕ್ಕೆ ಮುಂಚೆ, ೨೦೧೪ರಲ್ಲಿ, ಪುಣೆಯ ರಾಕ್ಸಿ ಮ್ಯಾಥ್ಯೂ ಕೋಲ್ ಅವರೂ ಸಂಗಡಿಗರೂ ತೋರಿಸಿದುದು ಇನ್ನೂ ವಿಚಾರಾರ್ಹವಾದುದು. ೧೯೦೧ ರಿಂದ ೨೦೧೨ರವರೆಗಿನ ಮುಂಗಾರು ತಿಂಗಳುಗಳನ್ನು ಹಿಡಿದರೆ, ಈ ಸಾಗರದ ಪಶ್ಚಿಮಭಾಗವು ೧.೨ ಡಿಗ್ರಿಯಷ್ಟು ಕಾದಿತ್ತು. ಮೊದಲಿನಿಂದಲೂ ಬೆಚ್ಚಗಿದ್ದ ಉಳಿದ ಭಾಗವು ಕಾದುದು ೦.೭ ಡಿಗ್ರಿ. ಒಂದೇ ಸಾಗರ, ಎರಡು ಲೆಕ್ಕ! ಜಗತ್ತಿನ ಸರಾಸರಿಯೆಂಬ ಒಂದು ಅಗುಳನ್ನು ಹಿಸುಕಿ ನೋಡಿದವನಿಗೆ ಇದು ಹೇಗೆ ತಿಳಿಯಬೇಕು?

ಉಪ್ಪಿನ ವಿಷಯದಲ್ಲಿ ಜಗತ್ತಿನಾದ್ಯಂತ ಒಂದು ಒಲವು ಕಂಡುಬಂದಿದೆ. ಉಪ್ಪಾಗಿದ್ದ ಕಡೆ ಇನ್ನೂ ಉಪ್ಪು, ಸಪ್ಪೆಯಾಗಿದ್ದ ಕಡೆ ಇನ್ನೂ ಸಪ್ಪೆ. ಗಾಳಿಯು ಒಂದು ಡಿಗ್ರಿ ಕಾದರೆ ನೂರಕ್ಕೆ ಏಳರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲುದು. ಆದ್ದರಿಂದ ಒಣಕ್ಷೇತ್ರದಿಂದ ಹೆಚ್ಚು ನೀರನ್ನು ಎತ್ತಿ, ಮಳೆಯ ಕ್ಷೇತ್ರದಲ್ಲಿ ಹೆಚ್ಚು ಸುರಿಯುತ್ತದೆ. ಇದ್ದವನಿಗೇ ಇನ್ನಷ್ಟು ಎಂಬ ಲೋಕದ ರೀತಿ ಸಮುದ್ರಕ್ಕೂ ತಪ್ಪಲಿಲ್ಲ. ಆದರೆ ಇದು ಒಟ್ಟಿನ ಒಲವು. ನಮ್ಮ ತೀರದಂಥ ಒಂದು ಮೂಲೆಯಲ್ಲಿ ಮಳೆ, ನದಿ, ತಿರುಗುವ ಪ್ರವಾಹ ಇವೆಲ್ಲ ಕೂಡಿ ಎಷ್ಟು ಗ್ರಾಮು ಹೆಚ್ಚುಕಡಮೆ ಮಾಡುವುವೆಂಬುದರಲ್ಲಿ ಪ್ರತಿರೂಪಗಳ ಸಭೆಗೆ ಇನ್ನೂ ಒಮ್ಮತವಿಲ್ಲ.

ಮುಂದೇನು? ೨೦೨೦ ರಿಂದ ೨೧೦೦ರ ಅವಧಿಯಲ್ಲಿ ಹಿಂದೂ ಮಹಾಸಾಗರದ ಉಷ್ಣವಲಯವು, ನಾವು ಬಿಡುವ ಹೊಗೆಯನ್ನು ಅನುಸರಿಸಿ, ಶತಮಾನಕ್ಕೆ ೧.೭ ರಿಂದ ೩.೮ ಡಿಗ್ರಿಯ ವೇಗದಲ್ಲಿ ಕಾಯುವುದೆಂದು ೨೦೨೪ರಲ್ಲಿ ಪ್ರಕಟವಾದ ಗಣನೆ. ಹೆಚ್ಚಿನ ಕಾವು ವಾಯವ್ಯದಲ್ಲಿ, ಎಂದರೆ ಅರಬ್ಬೀ ಸಮುದ್ರವೂ ಸೇರಿದ ಭಾಗದಲ್ಲಿ. ಮೇಲಿನ ನೀರು ಹೆಚ್ಚು ಕಾದು ಹಗುರವಾದಷ್ಟೂ ಕೆಳಗಿನ ತಣ್ಣನೆಯ, ಸಾರವತ್ತಾದ ನೀರು ಮೇಲೇರುವುದು ಕಷ್ಟ. ಮುಂಗಾರಿನಲ್ಲಿ ಆ ನೀರು ಮೇಲೆ ಬರುವುದರಿಂದಲೇ ನಮ್ಮ ಬೂತಾಯಿ ಬಂಗುಡೆಗಳಿಗೆ ಆಹಾರ ಹುಟ್ಟುವುದು. ಕಾದ ನೀರಿನ ಮೇಲೆ ಚಂಡಮಾರುತಗಳಿಗೂ ಬಲ ಹೆಚ್ಚು. ೨೦೧೯ರ ಅಕ್ಟೋಬರಿನ ಕ್ಯಾರ್, ೨೦೨೧ರ ಮೇ ತಿಂಗಳಿನ ತೌಕ್ತೆ ಎರಡೂ ಅರಬ್ಬೀ ಸಮುದ್ರದಲ್ಲಿ ಹುಟ್ಟಿದುವು. ಎರಡನೆಯದರಲ್ಲಿ ಕಡಲು ಉಕ್ಕಿ ನಮ್ಮ ಕರಾವಳಿಯಲ್ಲಿ ಆದ ಹಾನಿಯನ್ನು ನಾನೇ ಕಂಡಿದ್ದೇನೆ.

ವಾಯಿದೆಯ ದಿನ ಶಿಷ್ಯನು ಬಂದನು. ನಾನು ತಿಳಿದುದನ್ನು ಮೂರು ಕಟ್ಟುಗಳಾಗಿ ವಿಂಗಡಿಸಿ ಹೇಳಿದೆನು. “ಕಡಲು ಕಾದಿದೆ, ಇನ್ನೂ ಕಾಯುತ್ತದೆ. ಇದರಲ್ಲಿ ಎಲ್ಲ ಲೆಕ್ಕಗಳೂ ಒಂದೇ ಮಾತು ಹೇಳುತ್ತವೆ, ನಂಬು. ನಮ್ಮ ಕಡಲು ಜಗತ್ತಿನ ಸರಾಸರಿಗಿಂತ ಹೆಚ್ಚು ಕಾಯುತ್ತದೆ, ಗಾಳಿಮಳೆಯ ಭಯ ಹೆಚ್ಚುತ್ತದೆ. ಇದನ್ನೂ ಬಹುಮಟ್ಟಿಗೆ ನಂಬು. ಮೂರನೆಯದು, ಯಾವ ವರ್ಷ ಯಾವ ಮೀನು ನಮ್ಮ ಅಳಿವೆಯ ಮುಂದೆ ಬರುತ್ತದೆ ಎಂಬುದು. ಅದನ್ನು ಯಾವ ಯಂತ್ರವೂ ಹೇಳಲಾರದು. ಹೇಳುತ್ತೇನೆಂದು ಯಾರಾದರೂ ಬಂದರೆ ಅವನನ್ನು ನಂಬಬೇಡ. ೧೯೪೦ರ ದಶಕದಲ್ಲಿ ಮಲಬಾರಿನ ತೀರದಲ್ಲಿ ಬೂತಾಯಿಯು ವರ್ಷಗಟ್ಟಲೆ ಮರೆಯಾಗಿತ್ತು. ಮೀನಿನ ಬರವಿಗೆ ಕಾವು ಒಂದೇ ಕಾರಣವಲ್ಲ, ಬಲೆಗಳ ಲೆಕ್ಕವೂ ಅದರಲ್ಲಿ ಸೇರಿದೆ.”

ಅವನು ಬಹಳ ಹೊತ್ತು ಸುಮ್ಮನಿದ್ದು, “ಕಾವು ನಿಶ್ಚಯ, ಮೀನು ಅನಿಶ್ಚಯ. ಹಾಗಾದರೆ ಮನೆ?” ಎಂದನು.

“ನಿಶ್ಚಯವಾದುದನ್ನು ಅನಿಶ್ಚಯಕ್ಕೆ ಅಡವಿಡಬೇಡ” ಎಂದೆನು. ಇಷ್ಟು ಹೇಳುವುದಕ್ಕೆ ಯಂತ್ರವೇಕೆ, ಅಜ್ಜಿಯೂ ಹೇಳುತ್ತಿದ್ದಳು ಎಂದು ಓದುಗರು ಕೇಳಬಹುದು. ಅಜ್ಜಿಗೆ ಎರಡೂ ಅನಿಶ್ಚಯವಾಗಿದ್ದುವು. ಎರಡರಲ್ಲಿ ಒಂದು ನಿಶ್ಚಯವೆಂದು ತಿಳಿದುದೇ ಈ ಗಣಿತದ ಲಾಭ.

ಅವನು ಮನೆಯನ್ನು ಅಡವಿಡಲಿಲ್ಲ. ಇಬ್ಬರು ನೆಂಟರೊಡನೆ ಕೂಡಿ ಪಾಲಿನಲ್ಲಿ ಒಂದು ಹಳೆಯ ಬೋಟನ್ನು ಕೊಂಡನು. ಮಗನನ್ನು ಓದಿಗೆ ಬಿಟ್ಟಿದ್ದಾನೆ. ನನ್ನ ಬುದ್ಧಿವಾದ ಸರಿಯಾಯಿತೋ ತಪ್ಪಾಯಿತೋ ಮುಂದಿನ ಹತ್ತು ವರ್ಷ ಹೇಳಬೇಕು. ದೊಡ್ಡ ಬೋಟಿನವರಿಗೆ ಒಳ್ಳೆಯ ಮೀನು ಬಿದ್ದ ದಿನ ನನ್ನ ಎದೆ ಸ್ವಲ್ಪ ಡವಗುಟ್ಟುತ್ತದೆಂಬುದನ್ನು ಮುಚ್ಚಿಡಲಾರೆ.

ಅಂದು ಅವನು ಹೊರಡಲೆದ್ದಾಗ ನಾನೇ ಮಾತು ತೆಗೆದೆನು. “ಅಂದು ತರಗತಿಯಲ್ಲಿ ನೀನು ಹೇಳಿದುದೇ ಸರಿ. ನಾನು ತಪ್ಪು ಬರೆಸಿದೆ” ಎಂದೆನು. ಮೂವತ್ತೈದು ವರ್ಷದ ವೃತ್ತಿಯಲ್ಲಿ ಈ ವಾಕ್ಯವನ್ನು ನಾನು ಯಾವ ಶಿಷ್ಯನಿಗೂ ಹೇಳಿದುದಿಲ್ಲ. ಅವನು ಮೆಟ್ಟಿಲಿಳಿದು, ಕೊಡೆಯನ್ನು ಬಿಚ್ಚುತ್ತ ನಕ್ಕು, “ಇರಲಿ ಮಾಸ್ತರೇ. ತಪ್ಪು ಹೇಳಿದವರಿಗೆ ನೀವು ಹತ್ತು ಸಲ ಬರೆಸುತ್ತಿದ್ದಿರಿ” ಎಂದು ಹೊರಟುಹೋದನು.

ಸಮುದ್ರವು ಕದಲುತ್ತದೆ. ಇದು ಮೊದಲನೆಯ ಸಲ ಬರೆದುದು. ಇನ್ನು ಒಂಬತ್ತು ಉಳಿದಿವೆ.